ಪರಿಚಯದವರಿಲ್ಲದ ರಸ್ತೆ

ನಾಗಪುರದಲ್ಲಿ ನರಹರಿ ರಾಯರಿಗೆ ಇದ್ದಷ್ಟು ಪರಿಚಯ ಮೇಯರಿಗೂ ಇರಲಿಲ್ಲ. ಇದು ನನ್ನ ಮಾತಲ್ಲ, ಅಜನಿಯ ನಮ್ಮ ರೈಲ್ವೆ ಕಾಲೋನಿಯ ಮಾತು. ಸೀತಾಬರ್ಡಿಯ ಬಟ್ಟೆ ಅಂಗಡಿಯ ಸೇಠ್‌ಜಿ ರಾಯರನ್ನು ಕಂಡರೆ ಗಾದಿಯಿಂದ ಅರ್ಧ ಏಳುತ್ತಿದ್ದರು. ಧಂತೋಲಿಯ ಕನ್ನಡಕದ ಅಂಗಡಿಯವನು ಗಿರಾಕಿಯನ್ನು ಅಲ್ಲೇ ಬಿಟ್ಟು ನಮಸ್ಕಾರ ಮಾಡುತ್ತಿದ್ದ. ಊರಿನ ರಸ್ತೆಗಳನ್ನೆಲ್ಲ ಅಗಲ ಮಾಡಿ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ ಅದು. ಅಂಗಡಿಗಳು ಹಿಂದೆ ಸರಿದವು, ಗೋಡೆಗಳು ಮಾಯವಾದವು, ಆದರೆ ರಾಯರ ಪರಿಚಯ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯಿತು.

ಇದರ ಗುಟ್ಟು ಗೊತ್ತಿದ್ದದ್ದು ನನಗೊಬ್ಬನಿಗೆ. ನಾನು ಸೋಮಣ್ಣ, ಹುಬ್ಬಳ್ಳಿಯವನು, ಲೋಕೋ ಶೆಡ್ಡಿನಲ್ಲಿ ಫಿಟ್ಟರ್. ರಾಯರು ಗದಗಿನವರು, ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಹೆಡ್ ಕ್ಲಾರ್ಕ್. ನಮ್ಮಿಬ್ಬರ ಕ್ವಾರ್ಟರ್ಸು ಅಕ್ಕಪಕ್ಕ. ಒಂದು ಬೆಳಿಗ್ಗೆ ಅವರು ನಮ್ಮ ಬಾಗಿಲನ್ನು ಹೇಗೆ ಬಡಿದರೆಂದರೆ, ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡು ನಾನು ತುಂಬಿದ ಬಕೆಟ್ ಹಿಡಿದೇ ಬಾಗಿಲು ತೆರೆದೆ. ರಾಯರು ಬಕೆಟ್ಟನ್ನು ನನ್ನ ಕೈಯಿಂದ ಕಸಿದುಕೊಂಡು ನಮ್ಮ ಹಿತ್ತಲಿನ ಪಾಯಿಖಾನೆಗೆ ಓಡಿದರು. ಅವರ ಮನೆಯ ಬಚ್ಚಲಲ್ಲಿ ಅವರ ಹೆಂಡತಿ ವಸುಧಾಬಾಯಿ ಇದ್ದರಂತೆ.

ಹೊರಗೆ ಬಂದ ಮೇಲೆ ಗೋಡೆಗೆ ಒರಗಿ ನಿಂತು ಹೇಳಿದರು:

"ಸೋಮಣ್ಣಾ, ದೊಡ್ಡ ಕರುಳಿನಾಗ ಹುಣ್ಣು ಅದ. ರಕ್ತಾನೂ ಹೋಗ್ತದ. ಬಂತು ಅಂದ್ರ ಬಂತು, ನಿಂತು ಯೋಚನಾ ಮಾಡೂ ಹಂಗಿಲ್ಲ. ಯಾರಿಗೂ ಹೇಳಬ್ಯಾಡ."

"ವಸುಧಾಬಾಯಾರಿಗೆ ಗೊತ್ತೈತೇನ್ರಿ?"

"ಪಿತ್ತ ಅಂತ ಹೇಳೀನಿ. ಗುಳಗಿ ಕೇಳಿದ್ರ ಶಕ್ತಿದು ಅಂತೀನಿ."

ರಾಯರ ಮನೆತನದಲ್ಲಿ ಆ ವಿಷಯವನ್ನು ಹೆಂಡತಿಯ ಮುಂದೆ ಎತ್ತುವುದೆಂದರೆ ಅಂಗಿ ಬಿಚ್ಚಿ ಮೆರವಣಿಗೆ ಹೋದಂತೆ. ಹೀಗಾಗಿ ಅವರು ಗುಟ್ಟನ್ನು ತಾವೇ ಹೊತ್ತು ತಿರುಗಿದರು, ಅದೂ ಬಹಳ ಬುದ್ಧಿವಂತಿಕೆಯಿಂದ. ಊರಿನಲ್ಲಿ ಎಲ್ಲೆಲ್ಲಿ ಶುಚಿಯಾದ ಪಾಯಿಖಾನೆ ಇದೆಯೋ ಅಲ್ಲೆಲ್ಲ ಮಾಲೀಕರ ಸ್ನೇಹ ಮಾಡಿಕೊಂಡರು. ಸುಮ್ಮನೆ ಹೋಗಿ ಕೀಲಿಕೈ ಕೇಳಿದರೆ ಮರ್ಯಾದೆಯಲ್ಲ, ಏನಾದರೂ ಕೊಳ್ಳಬೇಕು. ಬಟ್ಟೆ ಅಂಗಡಿಯಲ್ಲಿ ಅತ್ಯಂತ ಅಗ್ಗದ ವಸ್ತು ಕರ್ಚೀಫು. ರಾಯರ ಕಪಾಟಿನಲ್ಲಿ ಕರ್ಚೀಫುಗಳು ಮಡಿಕೆ ಮಡಿಕೆಯಾಗಿ ಛಾವಣಿಯ ಕಡೆಗೆ ಏರಿದವು. "ನಮ್ಮವರಿಗೆ ಕರ್ಚೀಫಿನ ಶೋಕಿ ಭಾಳ" ಎಂದು ವಸುಧಾಬಾಯಿ ನನ್ನ ಹೆಂಡತಿ ಯಲ್ಲಮ್ಮನ ಹತ್ತಿರ ಹೇಳಿಕೊಂಡಿದ್ದರು.

ರಾಯರಿಗೆ ಔಷಧ ಕೊಡುತ್ತಿದ್ದವರು ಡಾಕ್ಟರ್ ಬಿಂದುಮಾಧವ. ಧಾರವಾಡದ ಕಡೆಯವರು, ಹೊಟ್ಟೆ ಕರುಳುಗಳ ವಿಷಯದಲ್ಲಿ ಹೆಸರು ಮಾಡಿದವರು. ರಾಯರು ಅವರ ಮುಂದೆ ಕೂತಾಗಲೂ ಮಾತು ಒಂದೇ: "ಆರಾಮ ಅದರೀ." ಮತ್ತೊಮ್ಮೆ ಕೊಳವೆ ಹಾಕಿ ಒಳಗೆ ನೋಡೋಣ ಎಂದರೆ ಪಾರ್ಸೆಲ್ ಆಫೀಸಿನಲ್ಲಿ ಆಡಿಟ್ ಬರುತ್ತಿತ್ತು. ರಕ್ತ ಪರೀಕ್ಷೆ ನೋಡಿದರೆ ರಾಯರ ಮೈಯಲ್ಲಿ ರಕ್ತವೇ ಕಡಿಮೆ. ಒಂದು ದಿನ ಡಾಕ್ಟರು ಪೆನ್ನು ಕೆಳಗಿಟ್ಟರು. ನಾನೂ ಅಲ್ಲೇ ಇದ್ದೆ.

"ನೋಡ್ರಿ ರಾಯರ, ಈಗ ಸರಿಯಾದ ಔಷಧ ಸರಿಯಾದ ಅಳತಿಗೆ ಕೊಟ್ರ ಕರುಳು ಉಳೀತದ. ನೀವು ಹಿಂಗ ಆರಾಮ ಆರಾಮ ಅಂತ ಕೂತ್ರ, ಮುಂದ ಅದನ್ನ ಕೊಯ್ದು ತಗೀಬೇಕಾಗ್ತದ. ಆಮ್ಯಾಲೆ ಹೊಟ್ಟಿಗೆ ಚೀಲಾ ಕಟಗೊಂಡು ಓಡಾಡೋದು. ಖರೇ ಹೇಳ್ರಿ, ಹೆಂಗದ?"

ರಾಯರು ಚೀಲದ ಮಾತು ಕೇಳಿ ಬಿಳಿಚಿಕೊಂಡರು. ಆದರೆ ಕಾಯಿಲೆ ಹೆಚ್ಚು ಎಂದರೆ ಕೊಯ್ಯುತ್ತಾರೆ, ಕಡಿಮೆ ಎಂದರೆ ಬಿಡುತ್ತಾರೆ ಎಂಬುದು ಅವರ ಲೆಕ್ಕ.

"ಭಾಳ ಆರಾಮ ಅದರೀ" ಎಂದರು.

ಡಾಕ್ಟರು ಪೆನ್ನು ಮತ್ತೆ ಎತ್ತಿಕೊಂಡು ಚೀಟಿ ಬರೆದರು. ಆಮೇಲೆ ಒಂದು ಸಹಾಯ ಕೇಳಿದರು. ಬರುವ ಭಾನುವಾರ ಸೀತಾಬರ್ಡಿಯ ಒಂದು ಹೋಟೆಲಿನ ಮಹಡಿ ಮೇಲೆ ಸುತ್ತಲ ಊರಿನ ಡಾಕ್ಟರುಗಳಿಗೆ ತರಬೇತಿ ಇದೆ. ಕರುಳಿನ ರೋಗಕ್ಕೆ ಯಾವಾಗ ಔಷಧ ಏರಿಸಬೇಕು, ಯಾವಾಗ ಇಳಿಸಬೇಕು ಎಂದು ಸಲಹೆ ಕೊಡುವ ಒಂದು ಪ್ರೋಗ್ರಾಂ ಕಂಪ್ಯೂಟರಿನಲ್ಲಿ ಬಂದಿದೆ. ಅದನ್ನು ಬಳಸಲು ಕಲಿಸಬೇಕು. ಕಲಿಯುವವರು ಪ್ರಶ್ನೆ ಕೇಳಲು ಒಬ್ಬ ನಿಜವಾದ ರೋಗಿ ಬೇಕು.

"ನೀವು ಬಂದ್ರ ಡಾಕ್ಟರುಗಳು ನಿಮ್ಮಿಂದ ಕಲೀತಾರ" ಎಂದರು.

ಆ ಮಾತಿನಲ್ಲಿ 'ರೋಗಿ' ಎಂಬ ಭಾಗ ರಾಯರ ಒಂದು ಕಿವಿಯಿಂದ ಹೊರಗೆ ಹೋಯಿತು. 'ಡಾಕ್ಟರುಗಳು ನಿಮ್ಮಿಂದ ಕಲೀತಾರ' ಎಂಬ ಭಾಗ ತಲೆಯಲ್ಲಿ ಕಾಲು ಚಾಚಿ ಮಲಗಿತು.

ಆದರೂ ರಾಯರು ಸುಳ್ಳುಗಾರರಲ್ಲ. ಬರುವ ಭಾನುವಾರ ಎಲ್ಲಿಗೆ ಹೋಗುವುದು ಎಂದು ಹೆಂಡತಿ ಮೊದಲೇ ಕೇಳಿದ್ದಕ್ಕೆ, "ಡಾಕ್ಟರುಗಳದೊಂದು ಟ್ರೇನಿಂಗ್ ಅದ. ನನ್ನನ್ನ ಕರದಾರ" ಎಂದಷ್ಟೇ ಹೇಳಿದರು. ವಸುಧಾಬಾಯಿ ನಲ್ಲಿಯ ಹತ್ತಿರ ಯಲ್ಲಮ್ಮನಿಗೆ ಹೇಳಿದರು. ಯಲ್ಲಮ್ಮ ಅದಕ್ಕೆ ತನ್ನದೊಂದು ಚಮಚ ತುಪ್ಪ ಹಾಕಿದಳು. ಅದೇ ದಿನ ಸಂಜೆಯ ಹೊತ್ತಿಗೆ ಕಾಲೋನಿಯಲ್ಲಿ ಸುದ್ದಿ ಹೀಗಿತ್ತು: ನರಹರಿ ರಾಯರು ಡಾಕ್ಟರುಗಳಿಗೆ ಟ್ರೇನಿಂಗ್ ಕೊಡುತ್ತಾರೆ.

"ಏ ಯಲ್ಲಮ್ಮಾ, ಅವರು ಪಾರ್ಸೆಲ್ ಕ್ಲಾರ್ಕು. ಡಾಕ್ಟರಿಗೆ ಏನ್ ಕಲಿಸ್ತಾರ?" ಎಂದು ನಾನು ಕೇಳಿದೆ.

"ನಿಮಗ್ ಹೊಟ್ಟಿಕಿಚ್ಚು. ಇಷ್ಟು ವರ್ಷ ಎಂಜಿನ್ ತಿಕ್ಕೀರಿ, ನಿಮ್ಮನ್ ಯಾರರ ಕರದಾರೇನು?"

ನಾನು ಗುಟ್ಟು ಕಾಪಾಡುವುದಾಗಿ ಮಾತು ಕೊಟ್ಟವನು.

ಮೊದಲು ಬಂದವನು ಎದುರು ಮನೆಯ ದತ್ತು. ಮರಾಠಿಯವನು, ಟಿಕೆಟ್ ಕಲೆಕ್ಟರ್, ಹೊಟ್ಟೆಯಲ್ಲಿ ಗ್ಯಾಸು. "ಸಾಹೇಬ, ಡಾಕ್ಟರುಗಳು ನಿಮ್ಮ ಹತ್ತಿರ ಬರೋದಾದರೆ ನಾನ್ಯಾಕೆ ಡಾಕ್ಟರ ಹತ್ತಿರ ಹೋಗಲಿ?" ಎಂದು ಜಗಲಿಯ ಮೇಲೆ ಕೂತೇಬಿಟ್ಟ. ಅವನ ತರ್ಕದಲ್ಲಿ ತಪ್ಪಿರಲಿಲ್ಲ. ರಾಯರು ಗಂಭೀರವಾಗಿ ಯೋಚಿಸಿ "ಮೊಸರನ್ನ" ಎಂದರು. ಮಾರನೆಯ ದಿನ ದತ್ತುವಿಗೆ ಗುಣವಾಯಿತು. ಮೊಸರನ್ನಕ್ಕೆ ಗುಣವಾಗದ ಗ್ಯಾಸು ಉಂಟೇ? ಆದರೆ ಕಾಲೋನಿ ಹಾಗೆ ತಿಳಿಯಲಿಲ್ಲ. ಮೊಣಕಾಲು ನೋವಿನವರು ಬಂದರು, ನಿದ್ದೆ ಬಾರದವರು ಬಂದರು. ರಾಯರು ಎಲ್ಲರಿಗೂ ಮೊಸರನ್ನವನ್ನೇ ಹೇಳಿದರು. ಹೇಳುತ್ತಿರುವಾಗ ನಡುವೆ ಎರಡು ಸಲ ಒಳಗೆ ಹೋಗಿ ಬಂದರು. "ಪುಸ್ತಕ ನೋಡಿ ಬರುತ್ತಾರೆ" ಎಂದು ಜನ ಪಿಸುಗುಟ್ಟಿದರು.

ಸುದ್ದಿ ಕನ್ನಡ ಸಂಘದ ಅಧ್ಯಕ್ಷ ವಿಜಯೇಂದ್ರರಿಗೆ ಮುಟ್ಟಿತು. ಮೈಸೂರಿನ ಕಡೆಯವರು, ಬ್ಯಾಂಕಿನಲ್ಲಿ ಅಧಿಕಾರಿ. ಅವರ ಬೀರುವಿನಲ್ಲಿ ಸದಾ ಒಂದು ಶಾಲು ಮಡಿಚಿ ಸಿದ್ಧವಾಗಿರುತ್ತಿತ್ತು. ಹೊದಿಸಲು ತಕ್ಕ ಹೆಗಲು ಸಿಗುವುದೊಂದೇ ಕಷ್ಟ.

"ನೋಡಿ ಸ್ವಾಮಿ," ಎಂದು ಅವರು ನನ್ನನ್ನು ಹಿಡಿದು ನಿಲ್ಲಿಸಿದರು, "ನಮ್ಮವರೊಬ್ಬರು ಇಲ್ಲಿನ ವೈದ್ಯರಿಗೆ ಪಾಠ ಹೇಳೋ ಮಟ್ಟಕ್ಕೆ ಬೆಳೆದಿದ್ದಾರೆ. ನಾವು ಮನೇಲಿ ಕೂತಿರೋಕಾಗುತ್ತಾ? ಸಭೆಯಲ್ಲೇ ಹೊದಿಸಿಬಿಡೋಣ."

"ಅಲ್ಲಿ ಬ್ಯಾಡ್ರಿ ಸರ" ಎಂದೆ.

"ಯಾಕೆ ಬೇಡ?"

ಯಾಕೆ ಬೇಡ ಎಂದು ಹೇಳುವಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಭಾನುವಾರ ನಾವೆಲ್ಲ ಆಟೋಗಳಲ್ಲಿ ಸೀತಾಬರ್ಡಿಗೆ ಹೊರಟೆವು: ಶಾಲು ಹಿಡಿದ ವಿಜಯೇಂದ್ರರು, ಹಣ್ಣಿನ ಬುಟ್ಟಿ ಹಿಡಿದ ದತ್ತು, ರೇಷ್ಮೆ ಸೀರೆಯುಟ್ಟ ವಸುಧಾಬಾಯಿ, ಅವರ ಜೊತೆ ಯಲ್ಲಮ್ಮ, ಸಂಘದ ಇನ್ನೊಂದಷ್ಟು ಜನ. ರಾಯರು ಮಾತ್ರ ಬೆಳಕು ಹರಿಯುವ ಹೊತ್ತಿಗೇ ಒಬ್ಬರೇ ಹೊರಟುಹೋಗಿದ್ದರು. "ತಯಾರಿ ಇರ್ತದಲ್ಲ" ಎಂದರು ವಸುಧಾಬಾಯಿ. ಆ ದನಿಯಲ್ಲಿ ಹೆಮ್ಮೆಯ ಕೆಳಗೆ ಇನ್ನೇನೋ ಇತ್ತು. ಗಂಡ ತಮ್ಮನ್ನು ಜೊತೆಯಲ್ಲಿ ಕರೆದುಕೊಂಡು ಹೋಗದೆ ಎಷ್ಟು ಕಾಲವಾಯಿತೋ ಎಂಬ ಲೆಕ್ಕ ಇರಬೇಕು.

ಹೋಟೆಲಿನ ಮಹಡಿ ಹಾಲಿನ ಬಾಗಿಲಲ್ಲಿ ಡಾಕ್ಟರ್ ಬಿಂದುಮಾಧವರು ಬುಟ್ಟಿ, ಶಾಲು, ರೇಷ್ಮೆ ಸೀರೆಗಳನ್ನು ಕಂಡು ದಂಗಾದರು. ಆಗಲೇ ಬಂದಿದ್ದ ರಾಯರನ್ನು ಮೂಲೆಗೆ ಕರೆದರು. ನಾನೂ ಹಿಂದೆಯೇ ಹೋದೆ.

"ಇವರೆಲ್ಲಾ ಯಾರು?"

"ನಮ್ಮವರೇರೀ" ಎಂದರು ರಾಯರು. ಮುಖದಲ್ಲಿ ರಕ್ತವಿರಲಿಲ್ಲ; ಅದು ಮೊದಲೇ ಕಡಿಮೆ.

"ಇಂಥಾ ಮಾತು ಎಲ್ಲಾರ ಮುಂದ ಆಗೂದಲ್ಲ. ಅವರನ್ನ ಹೊರಗ ಕೂಡಸ್ತೀನಿ. ಇಲ್ಲಾ, ನೀವ ಇವತ್ತ ಬ್ಯಾಡ ಅನ್ರಿ, ಬಿಟ್ಟುಬಿಡೋಣ."

"ಬ್ಯಾಡ್ರಿ, ಬ್ಯಾಡ್ರಿ. ಶಾಲು ತಂದಾರ."

ಶಾಲು ತಂದವರನ್ನು ಹೊರಗೆ ಕೂಡಿಸುವ ಧೈರ್ಯ ರಾಯರಿಗೆ ಈ ಜನ್ಮದಲ್ಲಿ ಇರಲಿಲ್ಲ. ನಾವು ಹಿಂದಿನ ಸಾಲಿನಲ್ಲಿ ಕೂತೆವು.

ಗೋಡೆಯ ಮೇಲೆ ದೊಡ್ಡ ಪರದೆ. ಡಾಕ್ಟರು ಹಿಂದಿಯಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ ವಿವರಿಸಿದರು. ರೋಗಿಯನ್ನು ಪ್ರಶ್ನೆ ಕೇಳಿ ಉತ್ತರ ಒತ್ತುತ್ತ ಹೋಗಬೇಕು. ಕೊನೆಗೆ ಪರದೆಯ ಮೂಲೆಯಲ್ಲಿ ದೀಪ ಹತ್ತುತ್ತದೆ. ಹಸಿರು ಬಂದರೆ ಔಷಧ ಇಳಿಸುವ ಯೋಚನೆ ಮಾಡಬಹುದು, ಹಳದಿಗೆ ಇನ್ನೂ ಪರೀಕ್ಷಿಸಿ, ಕೆಂಪಿಗೆ ಔಷಧ ಏರಿಸಿ, ತಡ ಮಾಡಬೇಡಿ. ರಕ್ತ ಪರೀಕ್ಷೆಯ ಫಲಿತಾಂಶ ಊಟದ ನಂತರ ಸೇರಿಸೋಣ, ಮೊದಲು ಮಾತಾಡುವುದನ್ನು ಕಲಿಯಿರಿ ಎಂದರು. ನನಗೆ ಚೆನ್ನಾಗಿ ಅರ್ಥವಾಯಿತು. ನಮ್ಮಲ್ಲೂ ಸಿಗ್ನಲ್ ಇದೆ. ಹಳಿಯ ಮೇಲೆ ಗಾಡಿ ನಿಂತಿರುವುದು ಕ್ಯಾಬಿನ್ನಿಗೆ ತಿಳಿಯದಿದ್ದರೆ ಅದೂ ಹಸಿರೇ ತೋರಿಸುತ್ತದೆ.

ರಾಯರನ್ನು ವೇದಿಕೆಗೆ ಕರೆದು ಕುರ್ಚಿಯಲ್ಲಿ ಕೂಡಿಸಿದರು. "ಮುಖ್ಯ ಅತಿಥಿಗಳ ಕುರ್ಚಿ" ಎಂದರು ವಿಜಯೇಂದ್ರರು.

ಮೊದಲು ಎದ್ದವರು ಬುಟಿಬೋರಿಯ ಕಾರ್ಖಾನೆ ಆಸ್ಪತ್ರೆಯ ಒಬ್ಬ ದಪ್ಪ ಡಾಕ್ಟರು. "ಹೊಟ್ಟೆ ನೋವು ಇದೆಯೇ?"

ರಾಯರು ಹಿಂದಿನ ಸಾಲಿನ ರೇಷ್ಮೆ ಸೀರೆಯ ಕಡೆ ನೋಡಿದರು. "ಇಲ್ಲ."

"ಆಯಾಸ?"

"ಇಲ್ಲ."

"ಶೌಚಕ್ಕೆ ಹೇಗೆ ಹೋಗುತ್ತೀರಿ?"

ಯಲ್ಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಾಯರು ಗಂಟಲು ಸರಿಪಡಿಸಿಕೊಂಡು, "ಎಲ್ಲರ ಹಾಗೆ" ಎಂದರು.

"ಕಾಯಿಲೆಯಿಂದ ಓಡಾಟಕ್ಕೆ ತೊಂದರೆ ಆಗಿದೆಯೇ?"

"ಇಲ್ಲವೇ ಇಲ್ಲ. ಊರೆಲ್ಲಾ ಓಡಾಡುತ್ತೇನೆ."

ಈ ಉತ್ತರ ಮಾತ್ರ ಪೂರ್ತಿ ನಿಜ. ಪರದೆಯ ಮೇಲೆ ಹಸಿರು ದೀಪ ಹತ್ತಿತು. ಸಂಘದವರು ಜೋರಾಗಿ ಚಪ್ಪಾಳೆ ತಟ್ಟಿದರು. ಡಾಕ್ಟರುಗಳೆಲ್ಲ ಹಿಂದಿರುಗಿ ನೋಡಿದರು.

"ಏನ್ ಸ್ವಾಮಿ ಇದು, ಅವರು ಇವರಿಗೆ ಕೇಳ್ತಿದ್ದಾರಲ್ಲ?" ಎಂದು ವಿಜಯೇಂದ್ರರು ನನ್ನ ಕಿವಿಯಲ್ಲಿ ಕೇಳಿದರು.

"ವಿದ್ಯಾರ್ಥಿಗಳು ಪ್ರಶ್ನೆ ಕೇಳಬೇಕಲ್ರಿ" ಎಂದೆ. ಅವರಿಗೆ ಸಮಾಧಾನವಾಯಿತು.

ಎರಡನೆಯವರು ಕೇಳಿದರೂ ಹಸಿರು, ಮೂರನೆಯವರಿಗೂ ಹಸಿರು. "ಔಷಧ ಇಳಿಸಬಹುದು ಸರ್" ಎಂದು ದಪ್ಪ ಡಾಕ್ಟರು ಸಂತೋಷದಿಂದ ಹೇಳಿದರು. ಬಿಂದುಮಾಧವರು ಕನ್ನಡಕ ತೆಗೆದು ಒರೆಸಿದರು. ಇಲ್ಲಿ ಹಸಿರು ಹತ್ತಿದಷ್ಟೂ ಅಲ್ಲಿ ಚಾಕು ಹತ್ತಿರ ಬರುತ್ತಿತ್ತು. ಅದು ಗೊತ್ತಿದ್ದವರು ಆ ಹಾಲಿನಲ್ಲಿ ಮೂವರೇ. ಅವರಲ್ಲಿ ಒಬ್ಬರು ಕುರ್ಚಿಯ ಮೇಲೆ ಕೂತು "ಆರಾಮ" ಎನ್ನುತ್ತಿದ್ದರು.

ಆಗ ಒಬ್ಬ ಹುಡುಗಿ ಎದ್ದಳು. ಸಾವನೇರ್‌ನ ಆಸ್ಪತ್ರೆಯ ಡಾಕ್ಟರ್ ಚಾರುಲತಾ. ಗಣಿ ಕೆಲಸದವರಿಗೆ ಔಷಧ ಕೊಡುವವಳು. ನೇರವಾಗಿ ಕೇಳಿದರೆ ಗಣಿಯವರೂ ಏನೂ ಹೇಳುವುದಿಲ್ಲವಂತೆ. ಅವಳು ಕಂಪ್ಯೂಟರಿನ ಮುಂದೆ ಕೂತಳು, ಆದರೆ ಅದರ ಕಡೆ ನೋಡಲಿಲ್ಲ. ರಾಯರ ಕಡೆ ತಿರುಗಿ ಮರಾಠಿಯಲ್ಲಿ ಮಾತು ತೆಗೆದಳು.

"ಕಾಕಾ, ಅಜನಿಯಿಂದ ಬಂದಿರಾ? ಇವತ್ತು ಯಾವ ದಾರಿಯಲ್ಲಿ ಬಂದಿರಿ?"

ರಾಯರಿಗೆ ಹೋದ ಜೀವ ಬಂದಂತಾಯಿತು. ಬೆಳಗಿನಿಂದ ಕೇಳಿದ ಪ್ರಶ್ನೆಗಳಲ್ಲಿ ಮರ್ಯಾದಸ್ಥ ಪ್ರಶ್ನೆ ಇದೊಂದೇ. ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಬೆಳಿಗ್ಗೆ ಬೇಗ ಹೊರಟೆ. ಮೊದಲು ಅಜನಿ ಸ್ಟೇಷನ್ನಿನ ವೇಟಿಂಗ್ ರೂಮು. ಮಾಸ್ತರರು ನಮ್ಮವರೇ. ಅಲ್ಲಿಂದ ಧಂತೋಲಿಯ ಲಾಡ್ಜು, ಮ್ಯಾನೇಜರ್ ಬಹಳ ಒಳ್ಳೆಯವನು. ಆಮೇಲೆ ಕನ್ನಡಕದ ಅಂಗಡಿ. ಭಾನುವಾರವಾದರೂ ನನಗಾಗಿ ಬೇಗ ತೆರೆದ. ಕೊನೆಗೆ ಇಲ್ಲೇ ಕೆಳಗಿನ ಬೀದಿಯ ಸೇಠ್‌ಜಿ ಅಂಗಡಿ, ಎರಡು ಸಲ."

"ಎರಡು ಸಲವೇ?"

"ಒಂದು ಸಲ ಹೊರಟವನು ಮತ್ತೆ ಹೋದೆ. ಪ್ರೀತಿಯ ಮನುಷ್ಯ."

"ನೇರ ರಸ್ತೆಯಲ್ಲಿ ಆಟೋ ಹಿಡಿದಿದ್ದರೆ ಹತ್ತಿರವಲ್ಲವೇ?"

"ಹತ್ತಿರವೇ. ಆದರೆ ಆ ರಸ್ತೆಯಲ್ಲಿ ನನ್ನ ಪರಿಚಯದವರು ಯಾರೂ ಇಲ್ಲ."

ಚಾರುಲತಾ ಕಂಪ್ಯೂಟರಿನ ಕಡೆ ತಿರುಗಿದಳು. ನಂತರ ಮೆಲ್ಲಗೆ ಒಂದು ಗುಂಡಿ ಒತ್ತಿದಳು. ಹಸಿರು ಹೋಗಿ ಹಳದಿ ಬಂತು.

ಪರಿಚಯದ ಮಾತು ಬಂದ ಮೇಲೆ ನಮ್ಮವರು ಸುಮ್ಮನೆ ಕೂರುತ್ತಾರೆಯೇ? ವಿಜಯೇಂದ್ರರು ಎದ್ದು ನಿಂತರು. "ಮೇಡಂ, ಇಷ್ಟೇ ಅಲ್ಲ! ಬುಟಿಬೋರಿಗೆ ಮದುವೆಗೆ ಹೋದಾಗ ಹೆದ್ದಾರಿಯ ಒಂದೊಂದು ಢಾಬಾದಲ್ಲೂ ಬಸ್ ನಿಲ್ಲಿಸಿ ಇಳಿದರು. ಎಲ್ಲ ಮಾಲೀಕರೂ ಸ್ನೇಹಿತರು! ನಾವು ಊಟದ ಹೊತ್ತಿಗೆ ಮುಟ್ಟಿದೆವು."

ಚಾರುಲತಾ ಇನ್ನೊಂದು ಗುಂಡಿ ಒತ್ತಿದಳು.

"ಅವರ ಜಗಲಿಯಲ್ಲಿ ನಮಗೆ ಔಷಧ ಹೇಳುವಾಗಲೂ ಎರಡು ಸಲ ಒಳಗೆ ಹೋಗಿ ಪುಸ್ತಕ ನೋಡಿ ಬಂದರು!" ಎಂದು ದತ್ತು ಕೂಗಿದ.

"ನಮ್ಮ ಮನೀಗೆ ಬೆಳಬೆಳಿಗ್ಗೆ ಓಡಿ ಬಂದಿದ್ರು," ಎಂದು ಯಲ್ಲಮ್ಮ ಸೇರಿಸಿದಳು, "ನೀರಿನ ಬಕೆಟ್ ಸೈತ ತಾವ ಹೊತ್ರು. ಅಷ್ಟು ಸಣ್ಣ ಮನಶಾ!"

ಸಣ್ಣ ಎಂದು ಅವಳು ಹೇಳಿದ್ದು ಸರಳ ಎಂಬ ಅರ್ಥದಲ್ಲಿ. ಆದರೆ ಎಲ್ಲರ ಕಣ್ಣೂ ರಾಯರ ಸಡಿಲ ಕಾಲರಿನ ಮೇಲೆ, ಒಳಗೆ ಹೋದ ಕೆನ್ನೆಗಳ ಮೇಲೆ ನಿಂತಿತು. ನಮ್ಮವರು ಒಬ್ಬರಾದ ಮೇಲೊಬ್ಬರು ಎದ್ದು ಹೊಗಳಿದರು. ಒಂದೊಂದು ಹೊಗಳಿಕೆಗೂ ಆ ಹುಡುಗಿ ಒಂದೊಂದು ಗುಂಡಿ ಒತ್ತಿದಳು. ರಾಯರು ಕೈ ಎತ್ತಿ "ಸಾಕ್ರಿ, ಸಾಕ್ರಿ" ಎನ್ನುತ್ತಿದ್ದರು. ಅವರು ನಾಚಿಕೊಳ್ಳುತ್ತಿದ್ದಾರೆ ಎಂದು ಸಂಘದವರು ಇನ್ನಷ್ಟು ಹೊಗಳಿದರು.

ಕೊನೆಗೆ ವಸುಧಾಬಾಯಿ ಎದ್ದರು. ಅವರು ಹೊಗಳಲಿಲ್ಲ.

"ಅಮ್ಮಾ, ನಂದೂ ಒಂದು ಬರಕೋ" ಎಂದರು, ಮೊದಲು ಕನ್ನಡದಲ್ಲಿ, ಆಮೇಲೆ ನೆನಪಾಗಿ ಮರಾಠಿಯಲ್ಲಿ. "ಇವರು ನನ್ನ ಜೋಡಿ ಹೊರಗ ಬರೂದ ಬಿಟ್ಟಾರ. ಸಿನಿಮಾಕ್ಕಿಲ್ಲ, ಪ್ಯಾಟಿಗಿಲ್ಲ. ಕೇಳಿದ್ರ ಕೆಲಸ ಅಂತಾರ. ನಾನು… ನನ್ನ ಜೋಡಿ ಬರೂದು ಬ್ಯಾಸರ ಆಗೇದ ಅಂತ ತಿಳದಿದ್ದೆ." ಗಂಡನ ಕಡೆ ತಿರುಗಿದರು. "ಆ ಕರ್ಚೀಫ್ ಎಲ್ಲಾ ಇದಕ್ಕೇನ್ರೀ?"

ರಾಯರು ಹೌದೆಂದು ತಲೆಯಾಡಿಸಿದರು.

"ನನಗ ಹೇಳಿದ್ರ ಏನ್ ಆಗ್ತಿತ್ತು?"

"ನಿನ್ನ ಮುಂದ ಹೆಂಗ್ ಹೇಳ್ಲಿ ವಸುಧಾ, ಅಂಥಾ ಮಾತು…"

"ಅಂಥಾ ಮಾತು ಈಗ ಊರ ಮುಂದ ಆತಲ್ಲ! ಹೇಳ್ರಿ ಆ ಹುಡುಗಿಗೆ. ಎಲ್ಲಾ ಹೇಳ್ರಿ."

ರಾಯರು ಹೇಳಿದರು. ನೋವು, ಆಯಾಸ, ರಕ್ತ, ಓಟ, ಎಲ್ಲ. ಹೇಳುತ್ತ ಹೇಳುತ್ತ ಅವರ ಭುಜಗಳು, ಪಾರ್ಸೆಲ್ ಇಳಿಸಿದ ಹಮಾಲನ ಭುಜಗಳಂತೆ, ಮೇಲೆದ್ದವು. ಪರದೆಯ ಮೇಲೆ ಕೆಂಪು ದೀಪ ಹತ್ತಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಿಂದುಮಾಧವರು ಕನ್ನಡಕ ಹಾಕಿಕೊಂಡರು.

"ಯಂತ್ರ ಅದೇ, ರೋಗಿಯೂ ಅವರೇ" ಎಂದು ಡಾಕ್ಟರುಗಳ ಕಡೆ ತಿರುಗಿದರು. ಇನ್ನೂ ಏನೋ ಹೇಳುವವರಿದ್ದರು. ಆದರೆ ರಾಯರು ಥಟ್ಟನೆ ಎದ್ದು ನಿಂತರು.

ತಮ್ಮ ಆಯುಸ್ಸಿನಲ್ಲೇ ಮೊದಲ ಸಲ, ತುಂಬಿದ ಸಭೆಯಲ್ಲಿ, ದೊಡ್ಡ ದನಿಯಲ್ಲಿ ಹೇಳಿದರು: "ನನಗೆ ಈಗಲೇ ಹೋಗಬೇಕಾಗಿದೆ!"

ಡಾಕ್ಟರುಗಳೆಲ್ಲ ಎದ್ದು ಎರಡು ಪಕ್ಕ ಸರಿದು ದಾರಿ ಬಿಟ್ಟರು. ಮಂತ್ರಿಗಳಿಗೂ ಅಂಥ ಗೌರವ ಸಿಗುವುದು ಕಷ್ಟ. ಮಹಡಿಯ ಪಾಯಿಖಾನೆಯ ಬಾಗಿಲಿಗೆ ಬೀಗ. ಕೀಲಿಕೈ ಕೆಳಗೆ ಮ್ಯಾನೇಜರ ಹತ್ತಿರ. ವಿಜಯೇಂದ್ರರು ಶಾಲು ಹೆಗಲಿಗೆ ಹಾಕಿಕೊಂಡು ಮೆಟ್ಟಿಲುಗಳನ್ನು ಹಾರುತ್ತ ಇಳಿದು, ಕೀಲಿಕೈಯೊಂದಿಗೆ ಹಾರುತ್ತ ಹತ್ತಿದರು. ಕನ್ನಡ ಸಂಘದ ಇತಿಹಾಸದಲ್ಲಿ ಅಧ್ಯಕ್ಷರೊಬ್ಬರು ಸದಸ್ಯರಿಗಾಗಿ ಓಡಿದ್ದು ಅದೇ ಮೊದಲು.

ಶಾಲು ತಂದ ಮೇಲೆ ಹೊದಿಸದೆ ಹಿಂದೆ ಒಯ್ಯುವಂತಿಲ್ಲ. ರಾಯರು ಹೊರಗೆ ಬಂದಾಗ ಅಲ್ಲೇ ಬಾಗಿಲಲ್ಲಿ ಹೊದಿಸಿದರು. ಭಾಷಣ ಮಾಡಲು ಬಾಯಿ ತೆರೆದರು, ಏದುಸಿರಿನಲ್ಲಿ ಮಾತು ಹೊರಡಲಿಲ್ಲ. "ನಮಗೇ ಹೇಳಬಾರದಿತ್ತೇನ್ರಿ" ಎಂದಷ್ಟೇ ಅಂದು ರಾಯರ ಬೆನ್ನು ತಟ್ಟಿದರು. ಅವರು ಮಾಡಿದ ಭಾಷಣಗಳಲ್ಲಿ ನನಗೆ ನೆನಪಿರುವುದು ಅದೊಂದೇ.

ಆ ವಾರವೇ ಪಾರ್ಸೆಲ್ ಆಫೀಸಿನ ಆಡಿಟ್ಟು ತಾನಾಗಿ ಮುಗಿಯಿತು. ಕೊಳವೆ ಹಾಕಿ ನೋಡಿದರು, ಔಷಧ ಬದಲಿಸಿದರು, ಏರಿಸಿದರು. ಗುಣ ನಿಧಾನವಾಗಿ ಬಂತು. ನಡುವೆ ಒಮ್ಮೆ ಹಿಂದೆ ಹೋಗಿ ಮತ್ತೆ ಬಂತು. ಚೀಲದ ಮಾತನ್ನು ಡಾಕ್ಟರು ಮತ್ತೆ ಎತ್ತಲಿಲ್ಲ. ಅವರು ಮುಂದೆ ತರಬೇತಿ ಮಾಡಿದಾಗಲೆಲ್ಲ, ಕಂಪ್ಯೂಟರ್ ತೆರೆಯುವ ಮೊದಲು ರೋಗಿಯನ್ನು ಯಾವ ದಾರಿಯಲ್ಲಿ ಬಂದಿರಿ ಎಂದು ಕೇಳಿ ಎಂದು ಹೇಳಿಕೊಡುತ್ತಾರಂತೆ. ಹೀಗಾಗಿ ರಾಯರು ಡಾಕ್ಟರುಗಳಿಗೆ ಟ್ರೇನಿಂಗ್ ಕೊಟ್ಟರು ಎಂದು ಯಲ್ಲಮ್ಮ ಇವತ್ತಿಗೂ ಹೇಳುವುದು ಸುಳ್ಳೆಂದು ನಾನು ಹೇಳಲಾರೆ.

ಆದರೆ ಊರಿನಲ್ಲಿ ಹೊಸದೊಂದು ತಕರಾರು ಹುಟ್ಟಿತು. ಕನ್ನಡಕದ ಅಂಗಡಿಯವನು ನನ್ನನ್ನು ತಡೆದ: "ನಿಮ್ಮ ಸಾಹೇಬರು ಈ ಕಡೆ ಬರುವುದೇ ಇಲ್ಲ. ನಮ್ಮಿಂದ ಏನಾದರೂ ತಪ್ಪಾಯಿತೇ?" ಲಾಡ್ಜಿನ ಮ್ಯಾನೇಜರೂ ಅದನ್ನೇ ಕೇಳಿದ. ಸೇಠ್‌ಜಿಯಂತೂ ರಾಯರು ಬೇರೆ ಅಂಗಡಿಯಲ್ಲಿ ಕರ್ಚೀಫು ಕೊಳ್ಳುತ್ತಿದ್ದಾರೆ ಎಂದೇ ನಂಬಿ ಬೇಸರದಲ್ಲಿದ್ದರು.

ನಾನು ಹೇಳಿದ್ದನ್ನು ಕೇಳಿ ರಾಯರಿಗೆ ಕಸಿವಿಸಿಯಾಯಿತು. ಒಂದು ಸಂಜೆ ಹೆಂಡತಿಯನ್ನು ಕರೆದುಕೊಂಡು, ಪರಿಚಯದವರಿಲ್ಲದ ನೇರ ರಸ್ತೆಯಲ್ಲಿ, ಎಲ್ಲೂ ಇಳಿಯದೆ, ಆಟೋದಲ್ಲಿ ಸೀತಾಬರ್ಡಿಗೆ ಹೊರಟರು. ಜೊತೆಗೆ ನಮ್ಮಿಬ್ಬರನ್ನೂ ಕರೆದರು. ವಸುಧಾಬಾಯಿಗೆ ಸೀರೆ ಕೊಡಿಸಲು ಸೇಠ್‌ಜಿಯ ಅಂಗಡಿಗೆ ಹೋದೆವು.

ಸೇಠ್‌ಜಿ ಗಾದಿಯಿಂದ ಪೂರ್ತಿ ಎದ್ದರು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಬಾಯಿಂದ ಮಾತು ಬರುವ ಮೊದಲೇ ಗಲ್ಲಾ ತೆರೆದು, ಕೆಂಪು ದಾರ ಕಟ್ಟಿದ ಹಳೆಯ ಕೀಲಿಕೈ ತೆಗೆದು, ಎರಡೂ ಕೈಯಿಂದ ರಾಯರ ಮುಂದೆ ಹಿಡಿದರು.

ರಾಯರು ಕೀಲಿಕೈ ನೋಡಿದರು, ಸೇಠ್‌ಜಿಯ ಮುಖ ನೋಡಿದರು. ತೆಗೆದುಕೊಂಡು ಹಿಂದಿನ ಬಾಗಿಲಿಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಕೈ ತೊಳೆದುಕೊಂಡು, ಕರ್ಚೀಫಿನಿಂದ ಒರೆಸಿಕೊಳ್ಳುತ್ತ ಬಂದರು.

"ಮತ್ತ ಸುರು ಆತೇನ್ರೀ?" ಎಂದು ವಸುಧಾಬಾಯಿ ಗಾಬರಿಯಿಂದ ಕೇಳಿದರು.

"ಇಲ್ಲ ಬಿಡು, ಸುಮ್ಮನ ನಿಂತು ಬಂದೆ" ಎಂದರು ರಾಯರು, ಮೆಲ್ಲಗೆ. "ಅಷ್ಟು ಪ್ರೀತಿಲೆ ಕೊಟ್ರ, ಬ್ಯಾಡ ಅಂತ ಹೆಂಗ್ ಅನ್ಲಿ?"